ಮಡ್‌ಗಾರ್ಡಿನ ಕೀಲುಗಳು

"ಇವನ್ನೆಲ್ಲ ತಿಪ್ಪಿಗೆ ಒಗಿ," ಎಂದು ಶಾಂತಪ್ಪ ಸಾವ್ಕಾರ ಕೈಯಲ್ಲಿದ್ದ ಕಬ್ಬಿಣದ ಕೀಲನ್ನು ಅಂಗಡಿಯ ಮೂಲೆಗೆ ಎಸೆದ. ಅದು ಹಳೆಯ ಟೈರೊಂದಕ್ಕೆ ಬಡಿದು, ಎಣ್ಣೆ ಕುಡಿದು ಕಪ್ಪಾದ ನೆಲದ ಮೇಲೆ ಉರುಳುತ್ತ ದ್ಯಾವಪ್ಪನ ಕಾಲ ಬುಡಕ್ಕೇ ಬಂದು ನಿಂತಿತು.

ದ್ಯಾವಪ್ಪ ಬಗ್ಗಿ ಅದನ್ನು ಎತ್ತಿಕೊಂಡ. ತೊಡೆಗೆ ಒರೆಸಿ, ತಗಡಿನ ಮುಚ್ಚಳದಲ್ಲಿದ್ದ ಉಳಿದ ಏಳರ ಜೊತೆಗೆ ಇಟ್ಟ. ಬಡವನ ಕೋಪ ದವಡೆಗೆ ಮೂಲ ಅಂತ ಗಾದೆ ಕಟ್ಟಿದವನು ಬಡವನಂತೂ ಇರಲಿಕ್ಕಿಲ್ಲ.

ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯಲ್ಲಿ ದ್ಯಾವಪ್ಪನದು ತಗಡಿನ ಸೂರಿನ ರಿಪೇರಿ ಅಂಗಡಿ. ಅದಕ್ಕೆ ಮುಂಚೆ ಇಪ್ಪತ್ತು ವರ್ಷ ಕಾಲುವೆ ಕ್ಯಾಂಪಿನಲ್ಲಿ ಮಣ್ಣು ತೋಡುವ ಯಂತ್ರಗಳನ್ನು ರಿಪೇರಿ ಮಾಡಿದವನು. ಎಲ್ಲೆಲ್ಲಿಯದೋ ಯಂತ್ರಗಳು, ಒಂದರ ನಟ್ಟು ಇನ್ನೊಂದಕ್ಕೆ ಕೂರುತ್ತಿರಲಿಲ್ಲ. ಯಾವುದು ಇಂಚಿನ ಅಳತೆಯದು, ಯಾವುದು ಮಿಲಿಮೀಟರಿನದು ಎಂಬುದನ್ನು ಅವನು ಬೆರಳಲ್ಲಿ ಒಂದು ಸುತ್ತು ತಿರುಗಿಸಿಯೇ ಹೇಳುತ್ತಿದ್ದ. ಕಾಲುವೆಗೆ ನೀರು ಬಂತು, ಕ್ಯಾಂಪು ಖಾಲಿಯಾಯಿತು. ಅಲ್ಲಿಂದ ಅವನು ತಂದದ್ದು ನಟ್ಟು ಬಿಚ್ಚುವ ಇಂಚಿನ ಪಾನಾಗಳ ಒಂದು ಬಟ್ಟೆ ಸುರುಳಿ ಮತ್ತು ತಪ್ಪು ನಟ್ಟು ಕಂಡರೆ ಆಗದ ಒಂದು ಸ್ವಭಾವ.

ಅಂಥವನ ಅಂಗಡಿಯ ನಡುವೆ ಈಗ ಒಂದು ತಿಂಗಳಿಂದ ನಿಂತದ್ದು ಬಿ.ಎಸ್.ಎ. ಫಟಫಟಿ, ಹಳೇ ಮೋಟಾರ್ ಸೈಕಲ್ಲು. ದೊಡ್ಡ ಲಡಾಯಿ ಮುಗಿದ ಮೇಲೆ ಮಿಲ್ಟ್ರಿಯವರು ಸಿಕಂದರಾಬಾದಿನಲ್ಲಿ ಲಿಲಾವಿಗಿಟ್ಟ ಗಾಡಿಗಳಲ್ಲಿ ಇದನ್ನು ಶಾಂತಪ್ಪನ ಅಜ್ಜ ಹಂಪಣ್ಣ ಸಾವ್ಕಾರ ಕೂಗಿ ತಂದಿದ್ದ. ಅವರ ಊರು ಶಿರವಾಳದ ಸುತ್ತ ಹತ್ತು ಹಳ್ಳಿಗೆ ಅದೇ ಮೊದಲ ಫಟಫಟಿ. ಹಂಪಣ್ಣ ಸತ್ತ ಮೇಲೆ ಹತ್ತಿಯ ಗೋದಾಮಿನಲ್ಲಿ ಇಲಿಗಳಿಗೆ ಬಾಣಂತಿ ಕೋಣೆಯಾಗಿ ಬಿದ್ದಿದ್ದ ಗಾಡಿಗೆ ಈಗ ಶುಕ್ರದೆಸೆ ಬಂದಿತ್ತು. ಗುಲಬರ್ಗಾದಲ್ಲಿ ಹಳೇ ಗಾಡಿಗಳ ಮೆರವಣಿಗೆ, ಎಲ್ಲ ಅಸಲಿ ಇದ್ದ ಗಾಡಿಗೆ ಬಹುಮಾನ. ಶಾಂತಪ್ಪ ವಿಲಾಯತಿಯಿಂದ ಒಂದು ಪುಸ್ತಕ ತರಿಸಿದ್ದ, ಒಂದು ಡಬ್ಬಿ ನಟ್ಟು ಬೋಲ್ಟೂ ತರಿಸಿದ್ದ.

"ಬುಕ್ಕಿನ್ಯಾಗ ನೋಡಿಲ್ಲಿ," ಎಂದು ಅವನು ಪುಟದ ಮೇಲೆ ಬೆರಳು ಕುಟ್ಟಿದ. "ಎರಡು ಮಡಗಾರ್ಡ, ಎಂಟು ಬೋಲ್ಟ. ಕೀಲಂತ ಎಲ್ಲೆರ ಬರದಾರೇನು? ತೂತು ಸೈತ ಕೊರದು ದೊಡ್ಡವು ಮಾಡಿಟ್ಟಾನ. ಯಾವ ಹುಂಬನ ಕೆಲಸೋ ಏನೋ!"

"ಹುಂಬ ಅಲ್ರಿ ಸಾವ್ಕಾರ್ರ," ಎಂದ ದ್ಯಾವಪ್ಪ. "ನಮ್ಮಪ್ಪ ಮಾಡ್ಯಾನ."

ಶಾಂತಪ್ಪ ನಕ್ಕ. ದ್ಯಾವಪ್ಪನಿಗಿಂತ ಹತ್ತು ವರ್ಷ ಸಣ್ಣವನು, ಏಕವಚನದಲ್ಲೇ ಮಾತು. "ಮರಿಲಿಂಗ? ಹಾಂ, ಬರೋಬ್ಬರಿ ಆತು. ಕುಡುದು ಗಾಲ್ಯಾಗ ಕೈ ಹಾಕಿ ಬೆರಳ ಕಳಕೊಂಡವನಲ್ಲ? ನಮ್ಮ ಮನ್ಯಾಗ ಇವತ್ತಿಗೂ ಹೇಳಿ ನಗತಾರ."

ದ್ಯಾವಪ್ಪನ ಮೈಯೆಲ್ಲ ಉರಿಯಿತು. ಕೈಯಲ್ಲಿದ್ದ ಪಾನಾ ಎಲ್ಲಿಡಬೇಕೆಂದು ತಿಳಿಯದೆ ಅದನ್ನು ಒಮ್ಮೆ ಬೆಂಚಿನ ಮೇಲಿಟ್ಟ, ಮತ್ತೆ ಎತ್ತಿಕೊಂಡ.

ಅವನಪ್ಪ ಮರಿಲಿಂಗಪ್ಪ ಹಂಪಣ್ಣನ ಗಾಡಿಯ ಆಳು. ಅಂದರೆ ಗಾಡಿ ಓಡಿಸುವ ಆಳಲ್ಲ, ಗಾಡಿಯ ಹಿಂದೆ ಓಡುವ ಆಳು. ಹಿಂದಿನ ಸೀಟಿನ ಮೇಲೆ ಕೂರುವ ಜಾತಿ ಅವನದಲ್ಲ. ಈ ಕಡೆಯದು ಎರೆಮಣ್ಣು. ನಾಲ್ಕು ಹನಿ ಬಿದ್ದರೆ ಸಾಕು, ಹಿಟ್ಟಿನಂತೆ ಅಂಟಿಕೊಂಡು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ತುರುಕಿ ಕೂತುಬಿಡುತ್ತದೆ. ಆಮೇಲೆ ಗಾಲಿ ಸುತ್ತುವುದಿಲ್ಲ, ಎತ್ತು ಕಟ್ಟಿ ಎಳೆದರೂ ಗಾಡಿ ನೇಗಿಲಿನ ಹಾಗೆ ನೆಲ ಗೀರುತ್ತ ಬರುತ್ತದೆ. ವಿಲಾಯತಿಯಲ್ಲಿ ಮಡ್‌ಗಾರ್ಡು ಮಾಡಿದವರಿಗೆ ಮಣ್ಣು ಗೊತ್ತಿರಬಹುದು, ಎರೆಮಣ್ಣು ಗೊತ್ತಿರಲಿಲ್ಲ. ಹಾಗೆ ಗಾಲಿ ಸಿಕ್ಕಾಗಲೆಲ್ಲ ಮರಿಲಿಂಗಪ್ಪ ಮೊಣಕಾಲೂರಿ, ಮಡ್‌ಗಾರ್ಡಿನೊಳಗೆ ಕೈ ತೂರಿಸಿ, ಬೆರಳಿನಿಂದ ಮಣ್ಣು ಬಗೆದು ತೆಗೆಯಬೇಕು. ಮೇಲೆ ಸಾವ್ಕಾರ ಇಳಿಯದೆ ಕೂತಿರುತ್ತಿದ್ದ. ಕಾದ ಎಂಜಿನ್ ಬಂದಾದರೆ ಮತ್ತೆ ಚಾಲೂ ಆಗುವುದಿಲ್ಲವೆಂದು ಬಂದ್ ಮಾಡುತ್ತಿರಲಿಲ್ಲ. ಗಾಲಿ ಬಿಗಿದಾಗ ಗೇರೂ ಬಿಡಿಸಿಕೊಳ್ಳುವುದಿಲ್ಲ, ಆದ್ದರಿಂದ ಕ್ಲಚ್ಚು ಹಿಡಿದೇ ಕೂರಬೇಕು.

ನಿಜಾಮನ ರಾಜ್ಯ ಹೋಗಿ ಏಳು ವರ್ಷವಾದ ಒಂದು ಶ್ರಾವಣದಲ್ಲಿ ಹಂಪಣ್ಣನಿಗೆ ಕ್ಲಚ್ಚು ಹಿಡಿದು ಹಿಡಿದು ಬೇಸರ ಬಂತು. ಬಿಟ್ಟ. ಮಣ್ಣು ಅಷ್ಟೊತ್ತಿಗೆ ಸಡಿಲಾಗಿತ್ತು, ಗಾಲಿ ತಿರುಗಿತು. ಮರಿಲಿಂಗಪ್ಪನ ಬಲಗೈಯ ಎರಡು ಬೆರಳು ಮಡ್‌ಗಾರ್ಡಿನೊಳಗೇ ಉಳಿದವು. ಸಂಜೆಯ ಹೊತ್ತಿಗೆ ಊರ ಕಟ್ಟೆಯ ಮೇಲೆ ಒಂದು ಮಾತು ಕೂತಿತ್ತು, ಕುಡಿದಿದ್ದನಂತೆ. ಸಾವ್ಕಾರರ ಬಾಯಿಂದ ಬಂದ ಮಾತು, ಇಳಿಸುವವರು ಯಾರು?

ಗಾಯ ಮಾದ ಮೇಲೆ ಮರಿಲಿಂಗಪ್ಪ ಕಮ್ಮಾರನ ಕುಲುಮೆಯಲ್ಲಿ ಕೂತು, ಉಳಿದ ಮೂರು ಬೆರಳಿನಲ್ಲಿ ಅರ ಹಿಡಿದು, ಎತ್ತಿನ ಚಕ್ಕಡಿಯ ಕಡೆಗೀಲಿನ ಮಾದರಿಯಲ್ಲಿ ಒಂಬತ್ತು ಕೀಲು ತೀಡಿದ. ತಲೆ ಚಪ್ಪಟೆ, ತುದಿಯಲ್ಲಿ ಒಂದು ತೂತು, ತೂತಿಗೊಂದು ತಂತಿ. ಬೋಲ್ಟು ತೆಗೆದು ಅವನ್ನು ಹಾಕಿದ. ತಂತಿ ಎಳೆದರೆ ಕೀಲು ಜಾರುತ್ತದೆ, ಕೀಲು ಜಾರಿದರೆ ಮಡ್‌ಗಾರ್ಡು ಕೈಗೆ ಬರುತ್ತದೆ. ಎರಡು ನಿಮಿಷದ ಕೆಲಸ. ಅದಾದ ಮೇಲೆ ಆ ಗಾಲಿಯೊಳಗೆ ಯಾರ ಕೈಯೂ ಹೋಗಲಿಲ್ಲ. ಎಂಟು ಕೀಲು ಗಾಡಿಗೆ, ಹೆಚ್ಚಾದ ಒಂದು ಅವನ ಮನೆಯ ಬಾಗಿಲಿನ ಅಗಳಿಗೆ.

"ಬೋಲ್ಟ ನಾ ಹಾಕತೀನ್ರಿ," ಎಂದ ದ್ಯಾವಪ್ಪ, ದನಿಯನ್ನು ಹಿಡಿದುಕೊಂಡು. "ನಿಮ್ಮ ಬುಕ್ಕಿನ್ಯಾಗ ಹ್ಯಾಂಗ ಅದ ಹಂಗ. ಆದ್ರ ಹಿಂದಿನ ಮಡಗಾರ್ಡಿಗರೆ ಆ ನಾಕು ಕೀಲು ಇರ್ಲಿ. ಈ ಊರಾಗ ಆ ಗಾಡಿ ಓಡಿದ್ದು ಅವುರ ಮ್ಯಾಲ. ಮತ್ತ ಕುಡುದಿದ್ದ ಅನ್ನೂ ಮಾತು ಬ್ಯಾಡ್ರಿ. ಅಂವ ಕುಡುದಿದ್ದಿಲ್ಲ. ನಿಮ್ಮ ಮುತ್ಯಾ ಕ್ಲಚ್ ಬಿಟ್ಟ."

ಶಾಂತಪ್ಪನ ನಗು ಆರಿತು. "ಏ ದ್ಯಾವಪ್ಪ, ನಾಲಿಗಿ ಬಿಗಿ ಹಿಡಿ. ಸತ್ತು ಗದ್ದಿಗ್ಯಾಗ ಕುಂತವರ ಮ್ಯಾಲ ಅಪವಾದ ಹೊರಸಬ್ಯಾಡ. ಒಂದು ಕೀಲು ಕಂಡ್ರ ಜಡ್ಜ ನಂಬರ ಕಡೀತಾನ. ನಿಮ್ಮಪ್ಪನ ಕತಿ ತಗೊಂಡು ನಾ ಏನು ಮಾಡ್ಲಿ? ಸೋಮವಾರ ಗಾಡಿ ತಯಾರ ಇರಬೇಕು. ಆ ಕೀಲು ತಿಪ್ಪಿಗೆ."

ಆ ಸಂಜೆ ದ್ಯಾವಪ್ಪ ಎಂಟೂ ಕೀಲುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಮನೆಗೆ ಹೋದ. ತಾಯಿ ಲಾಲಮ್ಮ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದಳು. ಎಂಬತ್ತರ ಮೇಲೆ ವಯಸ್ಸು, ಕಣ್ಣು ಮಂಜು. ಮಗ ಗಂಟು ಬಿಚ್ಚಿ ಮಡಿಲಿಗೆ ಸುರಿದ. ಅವಳು ಒಂದೊಂದನ್ನೇ ಎತ್ತಿ ಚಪ್ಪಟೆ ತಲೆಯ ಮೇಲೆ ಹೆಬ್ಬೆರಳು ಆಡಿಸಿದಳು.

"ಎಂಟು," ಎಂದಳು. "ಬಾಗಲದ್ದೊಂದು. ಒಂಬತ್ತು. ಎದಕ್ಕ ಬಿಚ್ಚಿಸ್ಯಾನ?"

ದ್ಯಾವಪ್ಪ ಹೇಳಿದ. ಕುಡಿದ ಮಾತನ್ನು ಹೇಳಬಾರದೆಂದುಕೊಂಡಿದ್ದ, ಅದೂ ಬಾಯಿಂದ ಬಿತ್ತು.

ಲಾಲಮ್ಮನ ಕೈ ನಿಂತಿತು. "ತಿಂಥಣಿ ಮೋನಪ್ಪಯ್ಯನ ಗುಡ್ಯಾಗ ಕುಡಿಯಂಗಿಲ್ಲಂತ ಆಣಿ ಮಾಡಿದವ ಅಂವ. ಹೆಂಡದ ಅಂಗಡಿ ನೆಳ್ಳಿಗೆ ನಿಂತವನಲ್ಲ. ಅವತ್ತು ಶ್ರಾವಣ ಸೋಮಾರ, ಮುಂಜಾನಿಂದ ಬಾಯಾಗ ಹನಿ ನೀರು ಹಾಕಿದ್ದಿಲ್ಲ. ಮುಂದ ಅಂವ ಇರೂತನಕ, ಹನ್ನೆರಡು ವರ್ಷ, ರೊಟ್ಟಿ ಮುರುದು ಕೊಟ್ಟಾಕಿ ನಾನು." ಅವಳು ಮಗನ ಕಡೆ ಮುಖ ತಿರುಗಿಸಿದಳು. "ನೀ ಏನಂದಿ ಅವಗ?"

"ಹೇಳಿದೆ. ಅಂವ ಕೇಳಲಿಲ್ಲ. ಆಮ್ಯಾಲ ಸುಮ್ನಾದೆ."

"ನಿಮ್ಮಪ್ಪನೂ ಸುಮ್ನಾದ. ಸುಮ್ನಾಗಿದ್ದಕ್ಕ ಅವರ ಸುಳ್ಳಿಗೆ ಕಾಲು ಬಂದವು," ಎಂದು ಅವಳು ಕೀಲುಗಳನ್ನು ಮಡಿಲಿನಿಂದ ತಳ್ಳಿದಳು. "ತಗೊಂಡು ಹೋಗು. ನಿನ್ನ ಕಿಸೆದಾಗ ಇರ್ಲಿ. ಭಾರ ಗೊತ್ತಾಗ್ಲಿ."

ದ್ಯಾವಪ್ಪ ಮರುದಿನ ಕೆಲಸಕ್ಕೆ ಕೂತ. ಅಪ್ಪ ಕೊರೆದು ದೊಡ್ಡದು ಮಾಡಿದ ತೂತುಗಳಿಗೆ ಹಿತ್ತಾಳೆ ಕರಗಿಸಿ ತುಂಬಿದ, ಅರದಿಂದ ತಿಕ್ಕಿ ಮಟ್ಟ ಮಾಡಿದ, ಇಂಚಿನ ಲೆಕ್ಕಕ್ಕೆ ಮತ್ತೆ ಕೊರೆದ. ಡಬ್ಬಿಯ ಬೋಲ್ಟು ತೆಗೆದು ನೋಡಿದರೆ ಸಣ್ಣ ಸುತ್ತು, ಇಂಚಿಗೆ ಇಪ್ಪತ್ತಾರು. ನಟ್ಟು ಕೈಯಲ್ಲೇ ತುಪ್ಪದ ಹಾಗೆ ಇಳಿಯುತ್ತಿತ್ತು. ಎಂಥ ಚೆಂದದ ಕೆಲಸ ಅನ್ನಿಸಿತು ಅವನಿಗೆ, ಅನ್ನಿಸಿದ್ದಕ್ಕೇ ಸಿಟ್ಟು ಬಂತು. ಅಪ್ಪನ ಕುರುಹನ್ನು ತನ್ನ ಕೈಯಾರೆ ಅಳಿಸುತ್ತಿದ್ದಾನೆ, ಆ ಕೈಯೋ ಖುಷಿಯಲ್ಲಿದೆ. ಬೇಕೆಂದೇ ಒಂದು ನಟ್ಟು ಸಡಿಲು ಬಿಡಬಹುದಿತ್ತು. ಎರಡು ಸಲ ಬಿಟ್ಟ, ಎರಡು ಸಲವೂ ತಾಳಲಾರದೆ ಬಿಗಿದ. ಸೋಮವಾರ ಮಧ್ಯಾಹ್ನಕ್ಕೆ ಎರಡೂ ಮಡ್‌ಗಾರ್ಡು ಗಾಲಿಯ ಸುತ್ತಿಗೆ ಒಂದು ಕೂದಲು ಹೆಚ್ಚುಕಡಿಮೆ ಇಲ್ಲದೆ ಕೂತಿದ್ದವು. ವಿಲಾಯತಿಯವನು ಬಂದು ನೋಡಿದರೂ ತನ್ನದೇ ಅನ್ನಬೇಕು.

ಶಾಂತಪ್ಪ ಬೆಳ್ಳನೆಯ ಜುಬ್ಬಾ ಧೋತರದಲ್ಲಿ ಬಂದು ಗಾಡಿಯ ಸುತ್ತ ಎರಡು ಸಲ ತಿರುಗಿದ. ಮೆರವಣಿಗೆಗೆ ಮುಂಚೆ ಮುತ್ಯಾನ ಸಮಾಧಿಯ ಗದ್ದುಗೆಯ ಮುಂದೆ ಗಾಡಿ ನಿಲ್ಲಿಸಿ ಫೋಟೋ ತೆಗೆಸಬೇಕೆಂಬುದು ಅವನ ಆಸೆ. ಗದ್ದುಗೆ ಇದ್ದದ್ದು ಶಿರವಾಳದ ಹತ್ತಿರದ ಅವರ ಹೊಲದಲ್ಲಿ. ಸ್ಟುಡಿಯೋದ ಪಂಪಣ್ಣನನ್ನು ಕ್ಯಾಮೆರಾ ಸಮೇತ ಆಗಲೇ ಅಲ್ಲಿಗೆ ಕಳಿಸಿಯಾಗಿತ್ತು.

"ಹೊಲಕ್ಕ ಒಯ್ಯಬ್ಯಾಡ್ರಿ," ಎಂದ ದ್ಯಾವಪ್ಪ. "ಈಗ ಬೋಲ್ಟ ಅದಾವ. ಕೆಸರಿಗೆ ಸಿಕ್ರ ಅರ್ಧ ತಾಸಿನ ಕೆಲಸ."

"ಚೈತ್ರದಾಗ ಎಲ್ಲಿ ಕೆಸರೋ? ನೀ ನಿನ್ನ ಗಾಡಿ ತಗೊಂಡು ಹಿಂದ ಬಾ."

ಚೈತ್ರದಲ್ಲಿ ಕೆಸರಿಲ್ಲ ಅನ್ನುವುದು ಹಂಪಣ್ಣನ ಕಾಲದ ಮಾತು. ಆಗ ಕೆಸರು ಮಳೆಗಾಲದ ನೆಂಟ, ಬಂದು ಮೂರು ತಿಂಗಳಿದ್ದು ಹೋಗುತ್ತಿತ್ತು. ಕಾಲುವೆ ಬಂದ ಮೇಲೆ ಅದು ಮನೆ ಅಳಿಯ. ಹತ್ತಿ ಜೋಳ ಬೆಳೆಯುತ್ತಿದ್ದ ಎರೆಯಲ್ಲಿ ಈಗ ಬೇಸಿಗೆಯಲ್ಲೂ ಭತ್ತ, ಬದುವಿನಿಂದ ಬದುವಿಗೆ ನೀರು. ಹೊಲ ಯಾವುದು ದಾರಿ ಯಾವುದು ಎಂದು ಹೊಲದ ಒಡೆಯನಿಗೇ ಗೊತ್ತಿರಲಿಲ್ಲ. ಗೇಣಿಗೆ ಕೊಟ್ಟು ಊರಲ್ಲಿ ಕೂತವನಿಗೆ ಹೇಗೆ ಗೊತ್ತಿರಬೇಕು?

ಕಾಲುವೆಯ ದಂಡೆ ಇಳಿದು ಇನ್ನೂರು ಮಾರು ಹೋಗುವಷ್ಟರಲ್ಲಿ ಗಾಡಿ ನಿಂತಿತು. ಹಿಂದಿನ ಗಾಲಿಯ ಸುತ್ತ ಎರೆಮಣ್ಣು ಗಟ್ಟಿ ಕೂತಿತ್ತು. ದ್ಯಾವಪ್ಪ ತನ್ನ ಟಿವಿಎಸ್ ಅನ್ನು ದಂಡೆಯ ಮೇಲೆಯೇ ಬಿಟ್ಟು ನಡೆದು ಬಂದ. ದೂರದಲ್ಲಿ ಗದ್ದುಗೆಯ ಬೇವಿನ ಮರ, ಅದರ ಕೆಳಗೆ ಕೈಬೀಸುವ ಪಂಪಣ್ಣ. ಹೊತ್ತು ಮುಳುಗಲು ಬಹಳ ಸಮಯ ಇರಲಿಲ್ಲ.

ಶಾಂತಪ್ಪ ಸೀಟಿನಿಂದ ಇಳಿಯದೆ, ಕ್ಲಚ್ಚು ಹಿಡಿದುಕೊಂಡೇ ತಿರುಗಿ ನೋಡಿದ. ಕೆಳಗೆ ಎಂಜಿನ್ ಡುಗುಡುಗು ಎನ್ನುತ್ತಿತ್ತು. "ದ್ಯಾವಪ್ಪ, ಕೈ ಹಾಕಿ ಮಣ್ಣು ತಗಿ. ಲಗೂ. ಬೆಳಕು ಹೋಗತದ."

ದ್ಯಾವಪ್ಪ ನಿಂತಲ್ಲೇ ನಿಂತ. ಐವತ್ತು ವರ್ಷದ ಹಿಂದೆ ಇದೇ ಎರೆಯಲ್ಲಿ ಇದೇ ಸೀಟಿನ ಮೇಲಿಂದ ಹೇಳಿದ ಮಾತು ಇದೇ ಇರಬೇಕು. ಲಗೂ.

"ನಾ ಕೈ ಹಾಕಂಗಿಲ್ರಿ."

"ಏನಂದಿ?"

"ಕೈ ಹಾಕಂಗಿಲ್ಲ ಅಂದೆ. ಎಂಜಿನ್ ಬಂದ್ ಮಾಡ್ರಿ, ನಟ್ ಬಿಚ್ಚತೀನಿ. ಅರ್ಧ ತಾಸು."

"ಬಂದ್ ಮಾಡಿದ್ರ ಮತ್ತ ಚಾಲೂ ಆಗಂಗಿಲ್ಲ! ಅರ್ಧ ತಾಸಿಗೆ ಕತ್ತಲ!" ಶಾಂತಪ್ಪ ಬದುವಿನ ಜಾಲಿಯ ಕಡೆ ನೋಡಿದ. ದ್ಯಾವಪ್ಪ ಹೋಗಿ ಒಂದು ಟೊಂಗೆ ಮುರಿದು ತಂದು ಮಡ್‌ಗಾರ್ಡಿನೊಳಗೆ ಚುಚ್ಚಿ ಮೀಟಿದ. ಟೊಂಗೆ ಮುರಿಯಿತು. ಇನ್ನೊಂದು ತಂದ, ಅದೂ ಮುರಿಯಿತು. ಅವನು ಎದ್ದು ನಿಂತು ಕೈ ಕಟ್ಟಿಕೊಂಡ.

"ಹಂಗಾರ ಹತ್ತು ಮ್ಯಾಲ!" ಎಂದು ಶಾಂತಪ್ಪ ಕಿರುಚಿದ. "ಕ್ಲಚ್ ಹಿಡಿ. ನಾನೇ ತೆಗೀತೀನಿ. ಮೆಕ್ಯಾನಿಕ್ ಅಂತ, ಮೆಕ್ಯಾನಿಕ್!"

ಹೀಗೆ ದ್ಯಾವಪ್ಪ ಆ ಗಾಡಿಯ ಮೇಲೆ ಕೂತ. ಸಾವ್ಕಾರನ ಎಡಗೈ ಸರಿದ ಕ್ಷಣವೇ ತನ್ನ ಎಡಗೈ ಹಾಕಿ ಹಿಡಿ ಒತ್ತಿದ. ಬಿರುಸು ಸ್ಪ್ರಿಂಗು, ಮುಂಗೈ ತನಕ ಎಳೆಯಿತು. ಹಿಂದೆ ಶಾಂತಪ್ಪ ಧೋತರ ಎತ್ತಿ ಕಟ್ಟಿ, ಕೆಸರಿನಲ್ಲಿ ಮೊಣಕಾಲೂರಿ, ಮಡ್‌ಗಾರ್ಡಿನ ಕೆಳಗೆ ಬಲಗೈ ತೂರಿಸಿ ಬಗೆಯತೊಡಗಿದ. ಒಂದು ಮುದ್ದೆ ಬಿತ್ತು. ಇನ್ನೊಂದು ಬಿತ್ತು. ಕೈ ಇನ್ನೂ ಒಳಗೆ ಹೋಯಿತು, ಮಣಿಕಟ್ಟಿನ ತನಕ. ಗಾಲಿ ಒಂದಿಷ್ಟು ಅಲುಗಿದ್ದು ದ್ಯಾವಪ್ಪನಿಗೆ ಸೀಟಿನಲ್ಲಿ ಗೊತ್ತಾಯಿತು. ಮಣ್ಣು ಸಡಿಲಾಗಿದೆ.

ಆಗ ಅವನೊಳಗಿನ ಸಿಟ್ಟೆಲ್ಲ ಮೈಯಿಂದ ಇಳಿದು ಎಡಗೈಗೆ ಬಂದು ನಿಂತಿತು. ಬಿಡಬೇಕು ಅನ್ನಿಸಿತು. ಅನ್ನಿಸಿತೇನು, ಬೇಕಾಗಿತ್ತು. ನಾಲ್ಕು ಬೆರಳು ಬಿಚ್ಚಿದರೆ ಮುಗಿಯಿತು. ಸಂಜೆಯ ಹೊತ್ತಿಗೆ ಊರಲ್ಲಿ ಹೇಳಬಹುದು, ಸಾವ್ಕಾರ ಕುಡಿದಿದ್ದ ಅಂತ. ಎಷ್ಟು ಹಗುರ ಕೆಲಸ ಇದು, ಹಂಪಣ್ಣನಿಗೂ ಇಷ್ಟೇ ಹಗುರ ಇದ್ದಿರಬೇಕು. ಹಿಡಿಯ ಮೇಲಿನ ಕಿರುಬೆರಳು ಒಂದಿಷ್ಟು ಸಡಿಲಾಯಿತು. ಕಿಸೆಯಲ್ಲಿ ಎಂಟು ಕೀಲು ತೊಡೆಗೆ ಒತ್ತುತ್ತಿದ್ದವು.

"ಸಾವ್ಕಾರ್ರ," ಎಂದ, ತಿರುಗಿ ಕೆಳಗೆ ನೋಡಿ. "ಕುಡುದೀರೇನು?"

ಶಾಂತಪ್ಪ ತಲೆ ಎತ್ತಿದ. ಗಲ್ಲದ ಮೇಲೆ ಕೆಸರು ಸಿಡಿದಿತ್ತು. "ಏನು?"

"ಕುಡುದೀರೇನಂತ ಕೇಳಿದೆ."

"ತಲಿ ಕೆಟ್ಟದೇನು ನಿನಗ? ಕೊರಳಾಗ ಲಿಂಗ ಅದ ನನ್ನ—"

"ಹಂಗಾರ ಕೈ ಎದಕ್ಕ ಗಾಲ್ಯಾಗ ಅದ?"

ಎಂಜಿನ್ ಬಡಿದುಕೊಳ್ಳುತ್ತಲೇ ಇತ್ತು. ಶಾಂತಪ್ಪ ತನ್ನ ಕೈ ನೋಡಿದ. ಆಮೇಲೆ ಮೇಲೆ, ಕ್ಲಚ್ಚು ಹಿಡಿದ ದ್ಯಾವಪ್ಪನ ಮುಷ್ಟಿ ನೋಡಿದ. ಸಡಿಲಾದ ಕಿರುಬೆರಳು ಅವನಿಗೂ ಕಂಡಿತು. ಕೈ ಹೊರಗೆ ಎಳೆದುಕೊಳ್ಳಬೇಕೆಂಬುದೂ ಅವನಿಗೆ ಹೊಳೆಯಲಿಲ್ಲ.

"ಕೈ ತಗೀರಿ!" ಎಂದು ದ್ಯಾವಪ್ಪ ಕೂಗಿದ. ಗದ್ದೆಯಲ್ಲಿದ್ದ ಬೆಳ್ಳಕ್ಕಿಗಳು ಹಾರಿಹೋದವು. "ತಗೀರಿ ಅಂದೆ, ಕೈ!"

ಶಾಂತಪ್ಪ ಕೈ ಎಳೆದುಕೊಂಡು ಹಿಂದಕ್ಕೆ ಕೆಸರಿನಲ್ಲಿ ಕುಕ್ಕರಿಸಿದ. ದ್ಯಾವಪ್ಪ ಹಿಡಿ ಬಿಟ್ಟ. ಗಾಲಿ ಗರ್ರೆಂದು ಅರ್ಧ ಸುತ್ತು ಹೊಡೆದು, ಗಾಡಿ ಜಗ್ಗಿ, ಎಂಜಿನ್ ಬಂದಾಯಿತು. ಕಾಲುವೆಯ ನೀರಿನ ಸದ್ದು ಆಗ ಕೇಳಿಸಿತು.

ದ್ಯಾವಪ್ಪ ಇಳಿದು ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿದ. ಪಾನಾದ ಸುರುಳಿ ಬಿಚ್ಚಿ, ಒಂದನ್ನು ಆರಿಸಿ, ಶಾಂತಪ್ಪನ ಮುಂದೆ ಹಿಡಿದ.

"ಹಿಂದ ನಾಕು ನಟ್ ಅದಾವ್ರಿ. ಇದಽ ಪಾನಾ ಹತ್ತೂದು. ಬ್ಯಾರೇದು ಹಾಕಿದ್ರ ಮೂಲಿ ಸವೀತಾವ. ನನಗ ನಾಳೆ ಮುಟ್ಟಸ್ರಿ."

ಶಾಂತಪ್ಪ ತೆಗೆದುಕೊಂಡ. ಎದ್ದು, ಬದುವಿನ ಪಕ್ಕ ಹರಿಯುವ ನೀರಿನಲ್ಲಿ ಬಲಗೈ ಅದ್ದಿ ತೊಳೆದ. ತೊಳೆದಾದ ಮೇಲೂ ಅಲ್ಲೇ ಬಗ್ಗಿ, ನೀರಿನೊಳಗೆ ಬೆರಳು ಅಗಲಿಸಿ ಹಿಡಿದು ನೋಡುತ್ತಿದ್ದ. ಗದ್ದುಗೆಯ ಕಡೆಯಿಂದ ಪಂಪಣ್ಣ ಏನೋ ಕೂಗಿ ಕೇಳಿದ.

ದ್ಯಾವಪ್ಪ ಆಗಲೇ ದಂಡೆಯ ಕಡೆ ಹೊರಟಿದ್ದ.

"ದ್ಯಾವಪ್ಪಾ," ಎಂದು ಹಿಂದಿನಿಂದ ಸಣ್ಣ ದನಿ ಬಂತು. "ಆ ಕೀಲು... ಅದಾವೇನ್ರಿ?"

ದ್ಯಾವಪ್ಪ ನಿಂತ. ಕೈ ತಾನಾಗಿಯೇ ಕಿಸೆಗೆ ಹೋಗಿ, ಎಂಟನ್ನೂ ಒಟ್ಟಿಗೆ ಹಿಡಿಯಿತು.

"ತಿಪ್ಪಿಗೆ ಒಗದೀನ್ರಿ," ಎಂದ, ತಿರುಗದೆ. "ನೀವೇ ಹೇಳಿದ್ರಲ್ಲ."

ದಂಡೆ ಹತ್ತಿ ಟಿವಿಎಸ್ ಚಾಲೂ ಮಾಡಿ ಒಮ್ಮೆ ನೋಡಿದ. ಕೆಳಗೆ ಬಿಳಿಯ ಜುಬ್ಬಾ ಗಾಲಿಯ ಪಕ್ಕ ಬಗ್ಗಿ ಕೂತಿತ್ತು. ಮೊದಲನೆಯ ನಟ್ಟೇ ಬರುತ್ತಿರಲಿಲ್ಲ. ಬಿಗಿದವನು ದ್ಯಾವಪ್ಪ, ಸುಲಭಕ್ಕೆ ಬರುವಂಥದಲ್ಲ. ಹೊತ್ತು ಮುಳುಗಿತ್ತು. ಕಾಲುವೆಯ ದಂಡೆಯ ದಾರಿ ಉದ್ದಕ್ಕೂ ತಗ್ಗು ದಿನ್ನೆ, ಗಾಡಿ ಎಗರಿದಾಗೊಮ್ಮೆ ಅವನ ಕಿಸೆಯೊಳಗೆ ಕಬ್ಬಿಣ ಕಿಣಿಕಿಣಿ ಎನ್ನುತ್ತಿತ್ತು.